ರಾಧಾಮಣಿಯ ರಾಕೆಟ್ ಟ್ರಿಪ್ಪು

ಚಿಂತಾಮಣಿಯಲ್ಲಿ ಗ್ಯಾಸ್ ಸಿಲಿಂಡರ್ ತಡವಾಗಿ ಬರಬಹುದು, ಗಂಡಿನ ಕಡೆಯವರು ತಡವಾಗಿ ಬರಬಹುದು, ಮಳೆಯಂತೂ ಬಂದರೆ ಬಂತು. ರಾಧಾಮಣಿಯ ಬಸ್ಸು ಮಾತ್ರ ತಡವಾಗುವಂತಿಲ್ಲ. ಹೇಳಿದ ಹೊತ್ತಿಗೆ ಸರಿಯಾಗಿ ಅವಳು ಬಾಗಿಲಲ್ಲಿ ನಿಂತು ಸೀಟಿ ಊದುತ್ತಾಳೆ, ಡ್ರೈವರ್ ಮುನೇಶ್ ಗೇರು ಹಾಕುತ್ತಾನೆ, ಒಂದು ಕಾಲು ನೆಲದ ಮೇಲೂ ಇನ್ನೊಂದು ಮೆಟ್ಟಿಲ ಮೇಲೂ ಇದ್ದವರು ಅದು ಹೇಗೋ ಒಳಗೆ ಬಂದು ಬಿದ್ದಿರುತ್ತಾರೆ. ನಾನು ಆ ಬಸ್ಸಿನ ಖಾಯಂ ಗಿರಾಕಿ. ಹೆಸರು ಪಂಕಜ, ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತಳಾದವಳು. ಜೀವಮಾನವೆಲ್ಲ ಮಕ್ಕಳನ್ನು ಹೆದರಿಸಿದ ನನಗೇ ಆ ಸೀಟಿ ಕೇಳಿದರೆ ಎದೆ ಝಲ್ಲೆನ್ನುತ್ತದೆ.

ಅವಳ ಗಂಡ ಕನಕರಾಜ್ ಒಮ್ಮೆ ತಿರುಪತಿ ದಾರಿಯಲ್ಲಿ, ಮದನಪಲ್ಲಿಯ ಹೋಟೆಲಿನಲ್ಲಿ ಎರಡನೇ ಕಾಫಿಗೆ ಆಸೆಪಟ್ಟ. ಸೀಟಿ ಕೂಗಿತು, ಬಸ್ಸು ಹೊರಟಿತು.

"ಅಕ್ಕಾ, ಅಣ್ಣ ಇನ್ನೂ ಹತ್ತಿಲ್ಲ" ಎಂದ ಮುನೇಶ್, ಕನ್ನಡಿ ನೋಡಿಕೊಂಡು.

"ಹತ್ತಿಲ್ಲ ಅಂದ್ರೆ ಹಿಂದಿನ ಬಸ್ಸಲ್ಲಿ ಬರ್ತಾರೆ. ನೀನು ನಡಿಯಪ್ಪ."

ಪಾಪ, ಆತ ಆಂಧ್ರದ ಸರ್ಕಾರಿ ಬಸ್ಸು ಹಿಡಿದು ಬೆಟ್ಟದ ಬುಡದಲ್ಲಿ ನಮ್ಮನ್ನು ಸೇರಿಕೊಂಡ. ಕೋಪ ಮಾಡಿಕೊಂಡನೇ? ಇಲ್ಲವೇ ಇಲ್ಲ. "ಕಟ್ಟಿಕೊಂಡ ಗಂಡನ್ನೇ ಬಿಟ್ಟು ಬಂದೋಳು, ನಿಮ್ಮನ್ನ ಕಾಯ್ತಾಳಾ?" ಎಂದು ಎಲ್ಲರ ಮುಂದೆ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ.

ಅವಳು ಹೀಗಾಗಿದ್ದಕ್ಕೆ ಕಾರಣವಿದೆ. ಗೌರಿಬಿದನೂರು ತಾಲ್ಲೂಕಿನ ನಗರಗೆರೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ, ಯಾವನೋ ಏಜೆಂಟ್ ಬೀದಿಯ ಹೆಂಗಸರನ್ನೆಲ್ಲ ತಿರುಪತಿಗೆ ಕರೆದೊಯ್ಯುತ್ತೇನೆಂದು ನಂಬಿಸಿ, ಬಸ್ಸನ್ನೂ ಕಳಿಸದೆ ತಾನೂ ಬಾರದೆ ನಾಪತ್ತೆಯಾದ. ತಲೆಗೆ ನೀರು ಹಾಕಿಕೊಂಡು, ಪುಳಿಯೋಗರೆ ಗಂಟು ಕಟ್ಟಿಕೊಂಡು, ಬಿಸಿಲೇರುವ ತನಕ ಅವರೆಲ್ಲ ರಸ್ತೆ ಬದಿಯಲ್ಲಿ ಕೂತಿದ್ದರು. ಹೋಗಿಬರುವವರು "ಏನಮ್ಮಾ, ತಿರುಪತಿ ಆಗಲೇ ನೋಡ್ಕೊಂಡು ಬಂದ್ರಾ?" ಎಂದು ಕೇಳಿ ನಕ್ಕರು. ಆ ನಗು ಅವಳಿಗೆ ಮುಳ್ಳಿನಂತೆ ಚುಚ್ಚಿತು. ಮುಂದಿನ ವಾರವೇ ಒಂದು ಟೆಂಪೋ ಗೊತ್ತುಮಾಡಿ ಅದೇ ಹೆಂಗಸರನ್ನು ಮುರುಗಮಲ್ಲದ ದರ್ಗಾಕ್ಕೆ ಕರೆದೊಯ್ದು, ಕತ್ತಲಾಗುವುದರೊಳಗೆ ಮನೆ ಮುಟ್ಟಿಸಿದಳು. ಆ ಟೆಂಪೋ ಬೆಳೆದು ಬಸ್ಸಾಯಿತು, ಮುರುಗಮಲ್ಲ ಬೆಳೆದು ರಾಮೇಶ್ವರವಾಯಿತು. ಅವಳ ಟ್ರಿಪ್ಪಿಗೊಂದು ಶಾಸ್ತ್ರವಿದೆ. ಹೊರಡುವಾಗ ಬಸ್ಸಿನ ಮುಂದೆ ಕರ್ಪೂರ, ವಾಪಸ್ ಬಂದ ಮೇಲೆ ಊರ ಮುಂದೆ ತೆಂಗಿನಕಾಯಿ. ಕಾಯಿ ಒಡೆದ ಮೇಲೆಯೇ ಟ್ರಿಪ್ ಮುಗಿಯಿತೆಂದು ಲೆಕ್ಕ. ಅಲ್ಲಿಯವರೆಗೆ ಯಾರಿಗೆ ನೆಗಡಿಯಾದರೂ ಜವಾಬ್ದಾರಿ ಅವಳದೇ.

ಇಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ತನುಶ್ರೀ ಹೋಗಿ ಸೇರಿದ್ದು ಎಂಥ ಕೆಲಸಕ್ಕೆ ಅಂತೀರಿ? ರಾಕೆಟ್ ಕಂಪನಿಗೆ! ಸರ್ಕಾರದ್ದಲ್ಲ, ನೀಲಾಂಬರ ಅಂತ ಒಂದು ಖಾಸಗಿ ಕಂಪನಿ. ಗೌರಿಬಿದನೂರಿನ ಕೈಗಾರಿಕಾ ಪ್ರದೇಶದಲ್ಲಿ ಅವರದೊಂದು ಶೆಡ್ಡು. ಅಲ್ಲಿ ಹುಡುಗಿ ಎಂಜಿನ್ನಿನ ವಾಲ್ವುಗಳನ್ನು ಪರೀಕ್ಷೆ ಮಾಡುತ್ತಾಳೆ, ಹಾರಿಸುವ ಹೊತ್ತಿಗೆ ಅವುಗಳ ಮೇಲೆ ಕಣ್ಣಿಟ್ಟು ಕೂರುವವಳೂ ಅವಳೇ. ಬೇರೆಯವರ ಉಪಗ್ರಹಗಳನ್ನು ಬಾಡಿಗೆಗೆ ಮೇಲಕ್ಕೆ ಒಯ್ಯುವುದು ಕಂಪನಿಯ ವ್ಯವಹಾರ, ಒಂದು ಲೆಕ್ಕದಲ್ಲಿ ತಾಯಿಯದೇ ಕಸುಬು. ಆದರೆ ಆ ರಾಕೆಟ್ಟು ಹೊರಟರೆ ತಾನೆ? ಉಗಾದಿಗೆ ಹಾರುತ್ತೆ ಅಂದರು. ಗೌರಿಹಬ್ಬಕ್ಕೆ ಅಂದರು. ದೀಪಾವಳಿಯ ಪಟಾಕಿಗಳೆಲ್ಲ ಹಾರಿದವು, ಅದೊಂದು ಹಾರಲಿಲ್ಲ.

"ಆಕಾಶಕ್ಕೆ ಹೋಗೋ ಬಸ್ಸಿಗೆ ಟೈಮು ಅನ್ನೋದೇ ಇಲ್ವೇನೇ?" ಎಂದು ರಾಧಾಮಣಿ ರೇಗುತ್ತಿದ್ದಳು.

"ಅಮ್ಮ, ನಿನ್ನ ಬಸ್ಸು ಕೆಟ್ರೆ ರಸ್ತೆ ಪಕ್ಕಕ್ಕೆ ಹಾಕಬಹುದು. ಇದು ಹೊರಟ್ಮೇಲೆ ಪಕ್ಕ ಅನ್ನೋದೇ ಇರಲ್ಲ" ಎನ್ನುತ್ತಿದ್ದಳು ಮಗಳು.

ಕೊನೆಗೆ ರಾಕೆಟ್ ಹಾರಿಸಲು ಒಂದು ದಿನ ನಿಗದಿಯಾಯಿತು. ರಾಧಾಮಣಿ ಆ ಮಾತಿನ ಮೇಲೆ ಬಸ್ಸಿಗೆ ಬ್ಯಾನರ್ ಕಟ್ಟಿಯೇ ಬಿಟ್ಟಳು: ತಿರುಪತಿ, ಕಾಳಹಸ್ತಿ, ರಾಕೆಟ್. ಸೀಟು ಒಂದೇ ದಿನಕ್ಕೆ ಭರ್ತಿ. ತಿಮ್ಮಪ್ಪನ ದರ್ಶನವಾಯಿತು, ಕಾಳಹಸ್ತಿಯಲ್ಲಿ ರಾಹು ಕೇತು ಪೂಜೆಯಾಯಿತು, ಅಲ್ಲಿಂದ ಸೂಳೂರುಪೇಟೆ ದಾಟಿ ಪುಲಿಕಾಟ್ ಸರೋವರದ ರಸ್ತೆಗೆ ಹೋಗಿ ಸಾಲಾಗಿ ನಿಂತೆವು. ನೀರಿನಾಚೆ, ದೂರದಲ್ಲಿ, ಶ್ರೀಹರಿಕೋಟ. ಕೆಂಚಾರ್ಲಹಳ್ಳಿಯ ಗಂಗುಲಮ್ಮ ಕೊಕ್ಕರೆ ಕಂಡಾಗಲೆಲ್ಲ "ಅದೇನಾ, ಅದೇನಾ?" ಎಂದು ಕೂಗುತ್ತಿದ್ದರು. ಎಂಬತ್ತರ ಹತ್ತಿರದ ಅಜ್ಜಿ, ಮನೆಯಲ್ಲಿ ಈಗಲೂ ರೇಷ್ಮೆಹುಳಕ್ಕೆ ಸೊಪ್ಪು ಹಾಕುವವರು.

ಬಿಸಿಲು ನೆತ್ತಿಗೆ ಬಂದಾಗ ಮುನೇಶ್ ಫೋನು ನೋಡಿ ಹೇಳಿದ, "ಇವತ್ತು ಇಲ್ವಂತೆ. ಮೇಲೆ ಗಾಳಿ ಜಾಸ್ತಿಯಂತೆ."

"ಎಲ್ಲಪ್ಪಾ ಗಾಳಿ? ನನ್ನ ಸೆರಗೇ ಅಲ್ಲಾಡ್ತಿಲ್ಲ" ಎಂದು ಸೆರಗು ಎತ್ತಿ ಹಿಡಿದು ತೋರಿಸಿದ ಗಂಗುಲಮ್ಮ, ಮರುಕ್ಷಣ ಹಣೆ ಹಣೆ ಚಚ್ಚಿಕೊಂಡರು. "ಅಯ್ಯೋ ದೇವುಡಾ! ಕಾಳಹಸ್ತಿ ನೋಡಿದ್ಮೇಲೆ ನೆಟ್ಟಗೆ ಮನೆಗೆ ಹೋಗ್ಬೇಕು, ಬೇರೆಲ್ಲೂ ಕಾಲಿಡಬಾರ್ದು. ನಾವು ಅಲ್ಲಿ ಬಿಟ್ಟು ಬರೋ ದೋಷಾನ ಗಂಟು ಕಟ್ಕೊಂಡು ಸೀದಾ ರಾಕೆಟ್ ಹತ್ರಕ್ಕೇ ತಂದಿದೀವಲ್ರೋ!"

ಬಸ್ಸಿಗೆ ಬಸ್ಸೇ ತಣ್ಣಗಾಯಿತು. ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತಿರುವ ನಿಯಮ. ಇಷ್ಟು ವರ್ಷ ತಿರುಪತಿ ಟ್ರಿಪ್ ನಡೆಸಿದವಳಿಗೆ, ರಾಕೆಟ್ಟಿನ ಸಂಭ್ರಮದಲ್ಲಿ ಅದು ಮರೆತೇ ಹೋಗಿತ್ತು. ನನಗೆ ನಗು ಬಂತು, ಆದರೆ ಪೂರ್ತಿ ನಗಲು ಧೈರ್ಯವಾಗಲಿಲ್ಲ. ನಾನೂ ಆ ಪೂಜೆಗೆ ಕೂತವಳೇ.

ಊರಿಗೆ ಬಂದ ಮೇಲೆ ಶುರುವಾಯಿತು ನೋಡಿ ತಮಾಷೆ. ಮದುವೆ ಮುಂದಕ್ಕೆ ಹೋದರೆ "ರಾಧಾಮಣಿ ರಾಕೆಟ್ ಆಯ್ತು." ಕರೆಂಟು ಬರದಿದ್ದರೆ "ರಾಧಾಮಣಿ ರಾಕೆಟ್." ಹೆರಿಗೆಗೆ ಕೊಟ್ಟ ದಿನ ಮೀರಿದ ಬಸುರಿಗೂ ಅದೇ ಹೆಸರು. ಅವಳು ಮೇಲೆ ನಕ್ಕರೂ ಒಳಗೆ ಬೆಂದುಹೋದಳು. ಹೇಳಿದ್ದನ್ನು ನಡೆಸುವವಳು ಎಂಬುದೊಂದೇ ಅವಳ ಆಸ್ತಿ, ಅದಕ್ಕೇ ಜನ ಕೈ ಹಾಕಿದ್ದರು.

ಕಂಪನಿ ಮತ್ತೊಂದು ದಿನ ಹೇಳಿತು. ಈ ಸಲ ಮೊದಲು ರಾಕೆಟ್, ಆಮೇಲೆ ತಿರುಪತಿ, ಕೊನೆಗೆ ಕಾಳಹಸ್ತಿ, ಅಲ್ಲಿಂದ ನೆಟ್ಟಗೆ ಮನೆ. ಹೋದ ಸಲದವರೇ ಎಲ್ಲರೂ ಬಂದರು. ಅರ್ಧ ಜನ ರಾಕೆಟ್ ನೋಡಲು, ಇನ್ನರ್ಧ ರಾಧಾಮಣಿಯ ಮುಖ ನೋಡಲು. ಬಸ್ಸಿನ ಮುಂದೆ ಕರ್ಪೂರ ಉರಿಯುತ್ತಿರುವಾಗ ಅವಳು ಅದರ ಮೇಲೆ ಕೈ ಚಾಚಿ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಈ ಟ್ರಿಪ್ಪು ಮುಗಿಯೋದ್ರೊಳಗೆ ನಿಮಗೆ ರಾಕೆಟ್ ತೋರಿಸ್ದೇ ಹೋದ್ರೆ, ಇನ್ಮೇಲೆ ನಾನು ಬಸ್ಸು ಎತ್ತಲ್ಲ. ತಿಮ್ಮಪ್ಪನ ಆಣೆ."

"ಏಯ್ ರಾಧಾ, ಹುಚ್ಚು ಹಿಡೀತೇನೇ?" ಎಂದೆ. ಅಷ್ಟರಲ್ಲಿ ಯಾರೋ ಅದನ್ನು ವಿಡಿಯೋ ಮಾಡಿ ಹರಿಬಿಟ್ಟಾಗಿತ್ತು. ಮದನಪಲ್ಲಿ ದಾಟುವುದರೊಳಗೆ ಮಗಳ ಫೋನು ಬಂತು. ಗದ್ದಲದ ಬಸ್ಸಿನಲ್ಲಿ ರಾಧಾಮಣಿಯ ಫೋನಿನ ಸ್ಪೀಕರ್ ಸದಾ ಆನ್.

"ಅಮ್ಮ, ಆಣೆ ಯಾಕಿಟ್ಟೆ? ಹಾರುತ್ತೋ ಇಲ್ವೋ ನಮಗೇ ಕೊನೇ ಕ್ಷಣದವರೆಗೂ ಗೊತ್ತಿರಲ್ಲ. ನಾನು ಗ್ಯಾರಂಟಿ ಕೊಟ್ಟಿಲ್ವಲ್ಲ."

"ನೀನು ಕೊಡ್ಬೇಡ. ನಾನು ಕೊಟ್ಟಾಯ್ತು" ಎಂದು ರಾಧಾಮಣಿ ಫೋನು ಇಟ್ಟಳು.

ಮರುದಿನ ಸೂಳೂರುಪೇಟೆಯ ಚೆಂಗಾಳಮ್ಮನಿಗೆ ಹಣ್ಣುಕಾಯಿ ಮಾಡಿಸಿ, ಮತ್ತೆ ಅದೇ ಸರೋವರದ ರಸ್ತೆಯಲ್ಲಿ ನಿಂತೆವು. ಮುನೇಶ್ ಬಸ್ಸಿನ ಗಾಜಿಗೆ ಫೋನು ಒರಗಿಸಿ ಕಂಪನಿಯ ನೇರಪ್ರಸಾರ ಹಾಕಿದ. ಎಣಿಕೆ ಶುರುವಾದದ್ದೇ ತಡ, ನಾವೂ ಎಣಿಸಿದೆವು. ಕೆಲವರು ಕನ್ನಡದಲ್ಲಿ, ಕೆಲವರು ತೆಲುಗಿನಲ್ಲಿ, ಗಂಗುಲಮ್ಮ ತಪ್ಪಾಗಿ. ಮೀನು ಹಿಡಿಯಲು ಬಂದವರೂ ಬಲೆ ಬಿಟ್ಟು ನಮ್ಮ ಜೊತೆ ಸೇರಿಕೊಂಡರು. ಗಂಟಲು ಕಿತ್ತುಹೋಗುವಂತೆ ಕೂಗುತ್ತ ಇಪ್ಪತ್ತರ ಹತ್ತಿರ ಬಂದಿದ್ದೆವು. ಆಗ ಫೋನಿನೊಳಗಿಂದ ಒಂದು ಹೆಣ್ಣು ದನಿ ಕೇಳಿತು.

"ಹೋಲ್ಡ್. ಹೋಲ್ಡ್."

ಎಣಿಕೆ ನಿಂತಿತು. ನಾವು ನಿಲ್ಲಿಸಲಿಲ್ಲ, ಸೊನ್ನೆಯವರೆಗೂ ಹೋದೆವು, ಹೋಗಿ ಪೆಚ್ಚುಪೆಚ್ಚಾಗಿ ನೀರು ನೋಡಿದೆವು. ಏನೂ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಇವತ್ತಿನ ಉಡಾವಣೆ ರದ್ದು ಎಂದು ಪ್ರಕಟವಾಯಿತು.

"ಯಾವಳೇ ಅವಳು ನಿಲ್ಸಿದ್ದು? ಅವಳ ಬಾಯಿಗೆ ಮಣ್ಣು ಬೀಳ!" ಎಂದು ಗಂಗುಲಮ್ಮ ನೆಟಿಗೆ ಮುರಿದರು.

"ನಮ್ಮ ತನು" ಎಂದಳು ರಾಧಾಮಣಿ.

ತಾಯಿಗೆ ದನಿ ಗೊತ್ತಾಗದೆ ಇರುತ್ತದೆಯೇ? ಗಂಗುಲಮ್ಮ ತಮ್ಮ ಬಾಯಿಗೆ ತಾವೇ ಪಟಪಟನೆ ಹೊಡೆದುಕೊಂಡರು. "ತೂ ತೂ ತೂ! ನನ್ನ ಮಾತು ನನಗೇ ವಾಪಸ್ ಬರ್ಲಿ. ಮಗೂಗೆ ತಗಲೋದು ಬೇಡಮ್ಮಾ ಚೆಂಗಾಳಮ್ಮಾ!" ಯಾರಿಗೂ ನಗುವುದೋ ಅಳುವುದೋ ತಿಳಿಯಲಿಲ್ಲ. ಊರಿಗೆ ಊರೇ ನೋಡಿದ ಆಣೆಯ ವಿಡಿಯೋವನ್ನು ಆ ಹುಡುಗಿಯೂ ನೋಡಿದ್ದಾಳೆ. ನಿಲ್ಲಿಸಿದರೆ ಅಮ್ಮನ ಬಸ್ಸೂ ನಿಲ್ಲುತ್ತದೆ ಎಂದು ತಿಳಿದೇ ನಿಲ್ಲಿಸಿದ್ದಾಳೆ.

ರಾಧಾಮಣಿ ಕುತ್ತಿಗೆಯಲ್ಲಿದ್ದ ಸೀಟಿ ತೆಗೆದು ಮುನೇಶನ ಕೈಗೆ ಕೊಟ್ಟಳು. "ದರ್ಶನ ಮಾಡ್ಸಿ ಊರಿಗೆ ಹೋಗಣ. ಕಾಯಿ ಒಡೆದ್ಮೇಲೆ ನನ್ನ ಕೆಲ್ಸ ಮುಗೀತು."

"ತಪ್ಪುಕಾಣಿಕೆ ಕಟ್ಟಿದ್ರೆ ತಿಮ್ಮಪ್ಪ ಒಪ್ಕೊಳ್ತಾನೆ ಕಣೇ" ಎಂದೆ. ಆಣೆ ಮುರಿಯಬೇಕಾಗಿ ಬಂದರೆ ನಮ್ಮಲ್ಲಿ ಅರಿಶಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ ಹುಂಡಿಗೆ ಹಾಕುತ್ತಾರೆ, ದೇವರು ಮನ್ನಿಸುತ್ತಾನೆ.

"ತಿಮ್ಮಪ್ಪ ಒಪ್ಕೊಂಡಾನು, ನಾನು ಒಪ್ಕೊಳ್ಳಲ್ಲ. ಆಮೇಲೆ ಆ ಏಜೆಂಟಿಗೂ ನನಗೂ ಏನೇ ವ್ಯತ್ಯಾಸ?"

ಅವಳ ಕಣ್ಣಲ್ಲಿ ನೀರಿತ್ತು. ಎಲ್ಲರೂ ತಲೆ ತಗ್ಗಿಸಿ ಬಸ್ಸು ಹತ್ತುತ್ತಿದ್ದರು. ಗಂಗುಲಮ್ಮ ಮಾತ್ರ ರಸ್ತೆ ಬದಿಯ ಕಲ್ಲಿನ ಮೇಲೆ ಕಾಲು ನೀಡಿ ಕೂತರು.

"ನಾನಂತೂ ಮನೆಗೆ ಹೋಗಲ್ಲ."

"ಅಜ್ಜಿ, ಹತ್ತಿ. ನಾಳೆ ದರ್ಶನದ ಟಿಕೆಟ್ ಇದೆ" ಎಂದ ಮುನೇಶ್.

"ದರ್ಶನಕ್ಕೆ ಬರ್ತೀನಿ. ಮನೆಗೆ ಬರಲ್ಲ ಅಂದೆ. ಅವಳು ಇಟ್ಟಿದ್ದು ಏನು ಆಣೆ? ಟ್ರಿಪ್ಪು ಮುಗಿಯೋದ್ರೊಳಗೆ ತೋರಿಸ್ತೀನಿ ಅಂತ. ಟ್ರಿಪ್ಪು ಮುಗಿಯೋದು ಯಾವಾಗ? ಊರ ಮುಂದೆ ಕಾಯಿ ಒಡೆದಾಗ. ನಾವು ಊರಿಗೇ ಹೋಗ್ದಿದ್ರೆ ಯಾವನು ಒಡೀತಾನೆ ಕಾಯಿ?"

ಆಮೇಲೆ ನೋಡಬೇಕಿತ್ತು ಆ ಗಲಾಟೆ! ಹತ್ತಿದವರೆಲ್ಲ ದಡದಡ ಇಳಿದರು. "ಹೌದಲ್ರೀ!" "ನಾನೂ ಹೋಗಲ್ಲ." "ನಾನು ಹೋದ್ರೆ ಕೇಳಿ!" ರಾಧಾಮಣಿ ಕೈ ಅಡ್ಡ ಹಿಡಿದು "ಹುಚ್ಚಾಟ ಆಡ್ಬೇಡಿ, ಮನೆ ಮಠ ಇಲ್ವಾ ನಿಮಗೆ?" ಎಂದು ಕೂಗುತ್ತಲೇ ಇದ್ದಳು. ಕೇಳುವವರು ಯಾರು? ಎಲ್ಲರೂ ಆಗಲೇ ಮನೆಗೆ ಫೋನು ಮಾಡುತ್ತಿದ್ದರು. ಗಂಗುಲಮ್ಮ ಸೊಸೆಗೆ, "ಹುಳ ಪೊರೆ ಬಿಡೋಕೆ ಜ್ವರಕ್ಕೆ ಕೂತವೆ, ಎದ್ಮೇಲೆ ಎಳೇ ಸೊಪ್ಪು ಹಾಕಮ್ಮ, ನಾನು ರಾಕೆಟ್ ಹಾರಿಸ್ಬಿಟ್ಟು ಬರ್ತೀನಿ" ಎಂದರು. ನಾನು ನಮ್ಮ ಯಜಮಾನರು ಪುಟ್ಟಸ್ವಾಮಯ್ಯನವರಿಗೆ ವಿಷಯ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ಸಾರು ಎಲ್ಲಿಟ್ಟಿದೀಯ?" ಎಂದರು. "ಮಾಡಿಲ್ಲ" ಎಂದೆ. ಹೇಳುವಾಗ ಎಂಥದೋ ಖುಷಿ.

ಚೆಂಗಾಳಮ್ಮನ ದೇವಸ್ಥಾನದ ಹತ್ತಿರದ ಒಂದು ಛತ್ರ ಹಿಡಿದೆವು. ಎರಡು ಸೀರೆಯಲ್ಲಿ ಬಂದವರು ಒಂದನ್ನು ಒಗೆದು ಒಂದನ್ನು ಉಟ್ಟರು. ಬಸ್ಸಿನ ಮೇಲಿಂದ ಕೆಳಗಿನವರೆಗೂ ಒದ್ದೆ ಬಟ್ಟೆ ತೂಗಿ, ಅದು ಬಸ್ಸೋ ಬಟ್ಟೆ ಅಂಗಡಿಯೋ ತಿಳಿಯದಂತಾಯಿತು. ಮುದ್ದೆಯಿಲ್ಲದೆ ಒದ್ದಾಡುತ್ತಿದ್ದವರಿಗೆ ಕನಕರಾಜ್ ಎಲ್ಲಿಂದಲೋ ರಾಗಿಹಿಟ್ಟು ಹೊಂಚಿ ತಂದ.

ದರ್ಶನದ ಟಿಕೆಟ್ ಬಿಡುವಂತಿರಲಿಲ್ಲ. ತಿರುಪತಿಗೆ ಹೋಗಿ ವಾಪಸ್ ಸೂಳೂರುಪೇಟೆಗೇ ಬರುವುದೆಂದು ತೀರ್ಮಾನವಾಯಿತು. ಆದರೆ ಆ ದಾರಿಯಲ್ಲೇ ಇದೆಯಲ್ಲ ಕಾಳಹಸ್ತಿ! ಅಪ್ಪಿತಪ್ಪಿ ಗೋಪುರ ಕಣ್ಣಿಗೆ ಬಿದ್ದರೆ ಅದೂ ದರ್ಶನವೇ, ಆಮೇಲೆ ಮನೆಗೇ ಹೋಗಬೇಕು ಎಂದು ಗಂಗುಲಮ್ಮ ಕಡ್ಡಿ ತುಂಡು ಮಾಡಿದಂತೆ ಹೇಳಿದರು. ಊರು ಹತ್ತಿರವಾದಾಗ ಕಿಟಕಿ ಪರದೆಗಳನ್ನೆಲ್ಲ ಎಳೆದೆವು, ಮೇಲೆ ಸೆರಗಿನಿಂದ ಮುಖವನ್ನೂ ಮುಚ್ಚಿಕೊಂಡೆವು.

"ಅಜ್ಜಿ, ನಾನೂ ಕಣ್ಣು ಮುಚ್ಚಲಾ?" ಎಂದು ಕೇಳಿದ ಮುನೇಶ್.

"ನೀನು ರಸ್ತೆ ನೋಡಪ್ಪ. ತಲೆ ಮಾತ್ರ ಎತ್ಬೇಡ."

ಹೋಗುವಾಗಲೂ ಹಾಗೆ, ಬರುವಾಗಲೂ ಹಾಗೆ. ಸಿಗ್ನಲ್ಲಿನಲ್ಲಿ ಪೊಲೀಸರು ಬಾಗಿಲು ತೆಗೆಸಿ ನೋಡಿದರೆ, ಬಸ್ಸು ತುಂಬ ಮುಸುಕು ಹಾಕಿಕೊಂಡು ನಗು ತಡೆಯಲಾಗದೆ ಅಲುಗುತ್ತಿರುವ ಹೆಂಗಸರು. ಏನೂ ಕೇಳದೆ ಬಾಗಿಲು ಹಾಕಿದರು.

ಇಷ್ಟೆಲ್ಲ ನಗುವಿನ ನಡುವೆ ಒಂದು ಮಾತ್ರ ನನ್ನನ್ನು ಕೊರೆಯುತ್ತಿತ್ತು. ರಾಧಾಮಣಿ ಮಗಳ ಫೋನು ಎತ್ತುತ್ತಿರಲಿಲ್ಲ. ಗಂಟೆ ಹೊಡೆದರೆ ನನ್ನ ಕೈಗೆ ಕೊಡುತ್ತಿದ್ದಳು.

"ಆಂಟಿ, ಅಮ್ಮಂಗೆ ಕೋಪನಾ?" ಎಂದು ತನುಶ್ರೀ ಕೇಳಿದಳು.

"ಗೊತ್ತಾಗ್ತಿಲ್ಲ ಪುಟ್ಟಾ. ಊಟ ಮಾಡ್ತಾಳೆ, ಮಾತಾಡಲ್ಲ."

"ಬಿಚ್ಚಿ ನೋಡಿದ್ವಿ ಆಂಟಿ. ವಾಲ್ವಿನ ಸೀಲ್ ಬಿರುಕು ಬಿಟ್ಟಿತ್ತು. ಹಾರಿದ್ರೆ ಅಲ್ಲೇ ಸಿಡೀತಿತ್ತೋ, ಸಮುದ್ರಕ್ಕೆ ಬೀಳ್ತಿತ್ತೋ. ಹೊಸದು ಹಾಕ್ತಿದೀವಿ."

ಇದನ್ನು ಹಾಗೆಯೇ ಹೇಳಿದೆ. ರಾಧಾಮಣಿ ಮಡಿಸುತ್ತಿದ್ದ ಸೀರೆಯನ್ನು ಮತ್ತೆ ಬಿಚ್ಚಿ ಮತ್ತೆ ಮಡಿಸಿದಳು. "ಮಗು ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದಾಳಂತಾ?" ಎಂದಷ್ಟೇ ಕೇಳಿದಳು.

ಹೊಸ ದಿನ ಬಂತು. ಈ ಸಲ ಯಾರೂ ಎಣಿಸಲಿಲ್ಲ. ಎಣಿಸಿದ್ದಕ್ಕೇ ದೃಷ್ಟಿಯಾಯಿತೇನೋ ಎಂಬ ಗುಮಾನಿ. ಬಾಯಿಗೆ ಬೀಗ ಹಾಕಿಕೊಂಡು ನೀರಿನಾಚೆಗೆ ಕಣ್ಣು ನೆಟ್ಟಿದ್ದೆವು. ರಾಧಾಮಣಿ ನನ್ನ ಕೈಯನ್ನು ಬಳೆ ಒತ್ತಿ ಗುರುತು ಬೀಳುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಮೊದಲು ಬೆಳಕು. ದಿಗಂತದಲ್ಲಿ ಯಾರೋ ಸೌದೆ ಒಲೆ ಹಚ್ಚಿದಂತೆ ಹಳದಿ ಕೆಂಡ. ಸದ್ದೇ ಇಲ್ಲ. ಆ ಕೆಂಡ ನೆಲ ಬಿಟ್ಟಿತು, ತೆಂಗಿನ ಮರಗಳಿಗಿಂತ ಮೇಲಾಯಿತು, ಅದರ ಕೆಳಗೊಂದು ಬಿಳಿಯ ಬಾಲ. ಆಮೇಲೆ ಬಂತು ಶಬ್ದ. ನೀರಿನ ಮೇಲೆ ಗುಡುಗುಡು ಉರುಳಿಕೊಂಡು ಬಂದು ನಮ್ಮ ಎದೆಗೇ ಬಡಿಯಿತು. "ಗೋವಿಂದಾ... ಗೋವಿಂದ!" ಎಂದು ಗಂಗುಲಮ್ಮ ಕಿರುಚಿದರು. ಬಸ್ಸು ಪೂರ್ತಿ ಗೋವಿಂದ, ಮೀನಿನವರೂ ಗೋವಿಂದ. ಮುನೇಶ್ ಹಾರನ್ ಒತ್ತಿದವನು ಕೈ ತೆಗೆಯಲೇ ಇಲ್ಲ. ನಾನು, ನಿವೃತ್ತ ಶಿಕ್ಷಕಿ, ಮಂಡಿನೋವಿನವಳು, ನಡುರಸ್ತೆಯಲ್ಲಿ ಕುಣಿದೆ. ಕನಕರಾಜ್ ಅಳುತ್ತ ಅಳುತ್ತ ಸಿಕ್ಕಸಿಕ್ಕವರ ಬಾಯಿಗೆ ಬೆಲ್ಲ ತುರುಕಿದ. ರಾಕೆಟ್ ಚುಕ್ಕಿಯಾಗಿ ಮರೆಯಾದ ಮೇಲೂ ನಾವು ಆಕಾಶ ನೋಡುತ್ತಲೇ ಇದ್ದೆವು. ಉಪಗ್ರಹಗಳು ತಮ್ಮ ಜಾಗ ಸೇರಿದವೆಂದು ಫೋನಿನಲ್ಲಿ ಹೇಳಿದಾಗ ಮತ್ತೊಮ್ಮೆ ಕುಣಿದೆವು.

ಮಧ್ಯಾಹ್ನ ಕಂಪನಿಯ ಜೀಪು ಬಂದು ನಿಂತಿತು. ತನುಶ್ರೀ ಇಳಿದಳು. ನಿದ್ದೆಯಿಲ್ಲದ ಕಣ್ಣು, ಎಣ್ಣೆ ಕಾಣದ ಕೂದಲು. ಹೆಂಗಸರು ಮುತ್ತಿಕೊಂಡರು, ಗಂಗುಲಮ್ಮ ಕೆನ್ನೆ ಸವರಿ 'ಲಟಲಟ' ನೆಟಿಗೆ ಮುರಿದು ದೃಷ್ಟಿ ತೆಗೆದರು. ಹುಡುಗಿಯ ಕಣ್ಣು ಮಾತ್ರ ತಾಯಿಯನ್ನು ಹುಡುಕುತ್ತಿತ್ತು. ರಾಧಾಮಣಿ ಬಸ್ಸಿಗೆ ಒರಗಿ ನಿಂತಿದ್ದಳು. ನಾವೆಲ್ಲ ದಾರಿ ಬಿಟ್ಟೆವು.

"ಅಮ್ಮ, ತಪ್ಪಾಯ್ತು. ನಿನ್ನ ಆಣೆ ಗೊತ್ತಿದ್ದೂ ನಿಲ್ಲಿಸ್ದೆ."

"ಒಂದು ಮಾತು ಕೇಳ್ತೀನಿ, ನಿಜ ಹೇಳು" ಎಂದಳು ರಾಧಾಮಣಿ. "ನಿಲ್ಸೋವಾಗ ನಾನು ನೆನಪಿಗೆ ಬಂದ್ನಾ?"

ತನುಶ್ರೀ ತಲೆ ತಗ್ಗಿಸಿದಳು. "ಬಂದೆ. ಒಂದು ಕ್ಷಣ ಬಾಯಿ ಬರ್ಲಿಲ್ಲ. ಆಮೇಲೆ ಹೋಲ್ಡ್ ಅಂದೆ."

ಆಗ ಅರ್ಥವಾಯಿತು ನನಗೆ. ಅಷ್ಟು ದಿನದ ಮೌನ ಕೋಪದ್ದಾಗಿರಲಿಲ್ಲ, ಭಯದ್ದಾಗಿತ್ತು. ತನ್ನ ಆಣೆ ಆ ಹುಡುಗಿಯ ಬಾಯಿ ಕಟ್ಟಿಬಿಟ್ಟಿದ್ದರೆ ಏನಾಗುತ್ತಿತ್ತು ಎಂಬ ಭಯ. ಅದನ್ನು ಯಾರಿಗೂ ಹೇಳಲಾರದೆ ಸೀರೆ ಮಡಿಸುತ್ತ ಕೂತಿದ್ದಳು.

"ಇನ್ನೊಂದ್ಸಲ ಆ ಒಂದು ಕ್ಷಣಾನೂ ತಡೀಬೇಡ ಕಣಮ್ಮ" ಎಂದು ರಾಧಾಮಣಿ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನನ್ನ ಮಾತು ಹೋದ್ರೆ ಹೋಗ್ಲಿ."

ತನುಶ್ರೀ ತಾಯಿಯ ಹೆಗಲಿಗೆ ಮುಖ ಒತ್ತಿ ಜೋರಾಗಿ ಅತ್ತಳು, ನಾವೂ ಅತ್ತೆವು. ಮುನೇಶ್ ಕಣ್ಣೊರೆಸಿಕೊಂಡು ಸೀಟಿಯನ್ನು ರಾಧಾಮಣಿಯ ಕೈಗೆ ವಾಪಸ್ ಕೊಟ್ಟ; ಇನ್ನು ಕಾಳಹಸ್ತಿ, ಆಮೇಲೆ ಊರ ಮುಂದೆ ಕಾಯಿ.